ಅಕ್ಕನ ಗೆರೆ

ನಾನು ಮದುವೆಯಾಗಿ ಈ ಊರಿಗೆ ಬಂದ ದಿನ ನನ್ನ ಯಜಮಾನರ ಅಕ್ಕ ದೇವೀರಮ್ಮ ಬಾಗಿಲಲ್ಲೇ ನಿಲ್ಲಿಸಿ, "ಯಾರ ಗೆರೆ ಮೇಲಮ್ಮಾ ನೀನು?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ವಯಸ್ಸು ಕೇಳುತ್ತಿರಬೇಕು ಎಂದುಕೊಂಡು, "ಇಪ್ಪತ್ತು" ಅಂದೆ. ಅಂಗಳದಲ್ಲಿದ್ದವರೆಲ್ಲ ನಕ್ಕರು. ದೇವೀರಮ್ಮ ನಗಲಿಲ್ಲ. "ಇಪ್ಪತ್ತು ಸರಿ, ಯಾರದ್ರಲ್ಲಿ ಇಪ್ಪತ್ತು? ನನ್ನ ತಮ್ಮನಿಗೆ ಇಪ್ಪತ್ತೈದು. ಇವತ್ತಿಂದ ಅವನು ನಿನ್ನ ಕೆಳಗಿನವನು. ನೀನು ಅವನ ಐದರಲ್ಲಿ ನಾಲ್ಕು. ಒಳ್ಳೇ ವರ್ಷದಲ್ಲೇ ಬಂದಿದ್ದೀಯ, ಒಳಗೆ ಬಾ," ಎಂದು ಕೈ ಹಿಡಿದು ಹೊಸ್ತಿಲು ದಾಟಿಸಿದರು. ಹಾಗೆ ದಾಟಿಸುವಾಗ ಅವರೇ ಎಡವಿದರು. ಆ ವರ್ಷ ಅವರದು ಒರಟು ವರ್ಷ ಎಂದು ನನಗೆ ತಿಳಿದದ್ದು ಆಮೇಲೆ.

ಈ ಊರಲ್ಲಿ ಯಾರಿಗೂ ಬರೀ ವಯಸ್ಸು ಅನ್ನುವುದು ಇಲ್ಲ. ಎಲ್ಲರೂ ತಮಗಿಂತ ಹಿರಿಯರಾದ ಒಬ್ಬರ ವಯಸ್ಸಿನ ಭಾಗವಾಗಿರುತ್ತಾರೆ. ಮಾಗಿ ಕಳೆದ ಮೇಲೆ ಗೆರೆ ದಿನ ಬರುತ್ತದೆ. ಅವತ್ತು ಊರಿಗೆ ಊರೇ ಒಂದು ವರ್ಷ ದೊಡ್ಡದಾಗುತ್ತದೆ. ಹೊಳೆದಂಡೆಯ ಹಾಸುಬಂಡೆಯ ಮೇಲೆ ಎಲ್ಲರೂ ಸೇರಿ, ಒಬ್ಬೊಬ್ಬರಾಗಿ ಎದ್ದುನಿಂತು ತಮ್ಮ ಭಾಗ ಹೇಳುತ್ತಾರೆ. ಆಮೇಲೆ ಗೆರೆಗಾರ ಮನೆಮನೆಗೂ ಹೋಗಿ ಮುಂದಿನ ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದು, ಮೇಲೊಂದು ಅಂಕಿ, ಕೆಳಗೊಂದು ಅಂಕಿ ಬರೆಯುತ್ತಾನೆ. ಹಿರಿಯರ ಅಂಕಿ ಕೆಳಗೆ. ಅದಕ್ಕೇ ಅವರಿಗೆ ಕೆಳಗಿನವರು ಅನ್ನುವುದು. ಮೇಲಿನದನ್ನೂ ಕೆಳಗಿನದನ್ನೂ ಒಂದೇ ಅಂಕಿಯಿಂದ ಭಾಗಿಸುತ್ತ, ಇನ್ನು ಇಳಿಯುವುದಿಲ್ಲ ಅನ್ನುವ ತನಕ ಇಳಿಸಿ ಬರೆಯಬೇಕು. ಚೆನ್ನಾಗಿ ಇಳಿದರೆ ಅದು ಹಗುರದ ವರ್ಷ. ಏನು ಮಾಡಿದರೂ ಇಳಿಯದಿದ್ದರೆ ಒರಟು ವರ್ಷ. ಒರಟು ವರ್ಷದವರ ಕೈಯಲ್ಲಿ ಸಾರು ಉಕ್ಕುತ್ತದೆ, ಕೊಡ ತುಳುಕುತ್ತದೆ, ಸೂಜಿಗೆ ದಾರ ಹೋಗುವುದಿಲ್ಲ. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಪಕ್ಕದ ಮನೆಯವರು ಬಂದು ದಾರ ಪೋಣಿಸಿಕೊಟ್ಟು ಹೋಗುತ್ತಾರೆ. ಮುಂದಿನ ವರ್ಷ ಅವರದ್ದು ಒರಟಾದರೆ ಇವರು ಹೋಗುತ್ತಾರೆ.

ನನ್ನ ಮತ್ತು ಯಜಮಾನರ ನಡುವಿನ ಅಂತರ ಐದು. ಎರಡೂ ಅಂಕಿಯನ್ನು ಒಡೆಯುವುದು ಅಂತರವನ್ನೂ ಒಡೆಯಲೇಬೇಕು, ಐದನ್ನು ಐದೇ ಒಡೆಯುವುದು. ಹಾಗಾಗಿ ನಾನು ಐದು ವರ್ಷಕ್ಕೊಮ್ಮೆ ಮಾತ್ರ ಹಗುರ. ಈ ಲೆಕ್ಕ ತಿಳಿಯದೆ ಮದುವೆಗೆ ಒಪ್ಪಿದೆನಲ್ಲ ಎಂದು ಮೊದಮೊದಲು ಕಣ್ಣೀರು ಹಾಕಿದ್ದೂ ಉಂಟು. ಇಲ್ಲಿ ಹನ್ನೆರಡರ ಅಂತರ ಇರುವವರಿಗೆ ಬಲು ಬೇಡಿಕೆ. ಹನ್ನೆರಡನ್ನು ಎರಡೂ ಒಡೆಯುತ್ತದೆ, ಮೂರೂ ಒಡೆಯುತ್ತದೆ, ನಾಲ್ಕೂ ಆರೂ ಒಡೆಯುತ್ತವೆ. ದೇವೀರಮ್ಮನಿಗೂ ಅವರ ಅಕ್ಕ ಹೊನ್ನಾಜಮ್ಮನಿಗೂ ಇದ್ದದ್ದು ಆ ಹನ್ನೆರಡರ ಅಂತರವೇ.

ತಾಯಿ ಸದಾ ಹಾಸಿಗೆ ಹಿಡಿದು ಕಡೆಗೆ ತೀರಿಕೊಂಡ ಮನೆಯಲ್ಲಿ ದೇವೀರಮ್ಮನನ್ನು, ಆಮೇಲೆ ನನ್ನ ಯಜಮಾನರು ಮುದ್ದಯ್ಯನವರನ್ನು ಎತ್ತಿ ಬೆಳೆಸಿದವರು ಹೊನ್ನಾಜಮ್ಮ. ಊರಿಗೆ ಇದ್ದ ಒಂದೇ ಒಂದು ಸುಣ್ಣದ ಗೂಡು ಅವರದು. ಅಕ್ಕ ತಂಗಿ ಇಬ್ಬರೂ ಮದುವೆಯಾಗದೆ ಆ ಗೂಡಿನ ಮುಂದೆಯೇ ಬದುಕಿದರು. ಅಕ್ಕ ಕಲ್ಲು ಜೋಡಿಸುವುದು, ತಂಗಿ ಸೌದೆ ಒಟ್ಟುವುದು. ಸುಟ್ಟ ಕಲ್ಲಿಗೆ ನೀರು ಹಾಕಿದಾಗ ಅದು ಭುಸ್ಸೆಂದು ಅರಳುವುದನ್ನು ನೋಡಿಕೊಂಡು ಇಬ್ಬರೂ ಸುಮ್ಮನೆ ಕೂರುವುದು. ನಾನು ಬಂದ ಮರುವರ್ಷ ದೇವೀರಮ್ಮನಿಗೆ ಮೂವತ್ತಾರು, ಅಕ್ಕನಿಗೆ ನಲವತ್ತೆಂಟು. ಎರಡನ್ನೂ ಹನ್ನೆರಡರಿಂದ ಇಳಿಸಿದರೆ ನಾಲ್ಕರಲ್ಲಿ ಮೂರು. ಅಂದರೆ ಮುಕ್ಕಾಲು. ಅಂಥ ಹಗುರದ ವರ್ಷದಲ್ಲಿ, ಹೊಲಗಳಿಗೆಲ್ಲ ಹುರುಳಿ ಹೂವು ಬಂದ ಕಾಲದಲ್ಲಿ, ಹೊನ್ನಾಜಮ್ಮ ಜ್ವರ ಬಂದು ಮಲಗಿದವರು ಮತ್ತೆ ಏಳಲಿಲ್ಲ.

ಕೆಳಗಿನವರು ತೀರಿಕೊಂಡರೆ ಮೇಲಿನವರು ಮುಂದಿನ ಗೆರೆ ದಿನದೊಳಗೆ ಇಳಿದು, ಬದುಕಿರುವ ಇನ್ನೊಬ್ಬರ ಗೆರೆ ಹತ್ತಬೇಕು. ಸತ್ತವರ ಅಂಕಿ ಬೆಳೆಯುವುದಿಲ್ಲವಲ್ಲ. ಗೆರೆಗಾರ ಬೋರಲಿಂಗಯ್ಯ ಅದನ್ನೇ ಕೇಳಲು ಬಂದರು. ಮಾತು ಕಡಿಮೆ, ಗೆರೆ ಮಾತ್ರ ನೂಲು ಹಿಡಿದು ಎಳೆದ ಹಾಗೆ ನೇರ. ಅಂಥ ಮನುಷ್ಯ. ಜಗಲಿಯ ತುದಿಯಲ್ಲಿ ಕೂತು, "ದೇವೀರಮ್ಮ, ಯಾರನ್ನ ಹೇಳ್ತೀಯ?" ಎಂದರು.

"ಯಾರನ್ನೂ ಹೇಳಲ್ಲ ಬೋರಲಿಂಗಣ್ಣ. ನಾನು ಅಕ್ಕನ ಮೇಲೇ ಇರ್ತೀನಿ."

"ಸತ್ತವರ ಗೆರೆ ಮೇಲೆ ಯಾರೂ ನಿಂತಿಲ್ಲ ತಾಯಿ."

"ನಿಲ್ಲಬಾರದು ಅಂತ ಯಾರಾದ್ರೂ ಹೇಳಿದ್ದಾರಾ?"

"ಹೇಳಿಲ್ಲ. ನಿಂತಿಲ್ಲ, ಅಷ್ಟೆ."

"ಅಕ್ಕ ನನ್ನನ್ನ ಇಷ್ಟರವರೆಗೆ ತಂದು ಬಿಟ್ಟಿದ್ದಾಳೆ. ಮುಕ್ಕಾಲು ಪಾಲು. ಊಟದ ನಡುವೆ ಎದ್ದು ಬೇರೆ ಎಲೆಗೆ ಹೋಗಿ ಕೂತ್ಕೊ ಅಂದ್ರೆ ಹೇಗಣ್ಣ? ಪೂರ್ತಿ ಆಗ್ಲಿ."

"ಪೂರ್ತಿ ಆದ ಮೇಲೆ?"

"ಆಮೇಲಿಂದು ಆಮೇಲೆ."

"ಹೇಳೋಕಾಗೋವರೆಗೆ ನಾನು ಬರೀತೀನಿ," ಎಂದರು ಬೋರಲಿಂಗಯ್ಯ ಎದ್ದು ಹೆಗಲ ಮೇಲಿನ ವಸ್ತ್ರ ಕೊಡವುತ್ತ. "ಹೇಳೋಕಾಗದ ವರ್ಷ ಬಂತು ಅಂದ್ರೆ ಊರು ಬಿಟ್ಟು ಹೊಳೆ ದಾಟಬೇಕಾಗ್ತದೆ. ಅದು ಮಾತ್ರ ರೂಢಿಯಲ್ಲ, ಕಟ್ಟಳೆ. ಗೊತ್ತಲ್ಲ?"

"ಗೊತ್ತಣ್ಣ," ಅಂದರು ದೇವೀರಮ್ಮ, ಕಾಫಿ ಬೇಕಾ ಎಂದು ಕೇಳುವಷ್ಟೇ ಸಲೀಸಾಗಿ.

ಮೊದಲನೆಯ ವರ್ಷವೇ ಒರಟು. ನಲವತ್ತೆಂಟರಲ್ಲಿ ಮೂವತ್ತೇಳು, ಯಾವುದಕ್ಕೂ ಜಗ್ಗದ ಅಂಕಿ. ಅಕ್ಕಪಕ್ಕದವರು ಈ ಸಲ ದಾರ ಪೋಣಿಸಲು ಬರಲಿಲ್ಲ. ಬೇಕೆಂದೇ ಮೈಮೇಲೆ ಎಳೆದುಕೊಂಡದ್ದಕ್ಕೆ ನಾವು ಯಾಕೆ ಹೋಗಬೇಕು ಎಂದು ಎದುರುಮನೆಯ ಅಕ್ಕಯ್ಯಮ್ಮ ಎಲ್ಲರಿಗೂ ಕೇಳಿಸುವಂತೆ ಅಂದರು. ನಾನು ಹೋದೆ. ಆದರೆ ನನ್ನದೂ ಆ ವರ್ಷ ಒರಟೇ. ಅತ್ತಿಗೆ ಸೂಜಿ ಹಿಡಿದರು, ನಾನು ದಾರ ಹಿಡಿದೆ. ದಾರ ಸೂಜಿಯ ಆ ಕಡೆಗೆ ಹೋಯಿತು, ಈ ಕಡೆಗೆ ಹೋಯಿತು, ಅವರ ಮೂಗಿನ ತನಕ ಹೋಯಿತು. ಕಣ್ಣೊಳಕ್ಕೆ ಮಾತ್ರ ಹೋಗಲಿಲ್ಲ. ಕಡೆಗೆ ಸೂಜಿಯೇ ಎಲ್ಲೋ ಬಿದ್ದುಹೋಯಿತು. ಹುಡುಕಲು ಇಬ್ಬರೂ ಬಗ್ಗಿದಾಗ ತಲೆಗೆ ತಲೆ ಢಿಕ್ಕಿ. ಅಕ್ಕ ಸತ್ತ ಮೇಲೆ ದೇವೀರಮ್ಮ ನಕ್ಕದ್ದನ್ನು ನಾನು ಮೊದಲು ಕಂಡದ್ದು ಅವತ್ತು. ನಗುತ್ತಾ ನಗುತ್ತಾ ಅತ್ತರು. ಆಮೇಲೆ ಮುಖ ತೊಳೆದುಕೊಂಡು, "ಹರಿದಿದ್ದು ಹರಿದೇ ಇರ್ಲಿ ಬಿಡೆ ಸಾವಂತ್ರಿ. ಮುಂದಿನ ವರ್ಷ ಹೊಲ್ಕೊಂಡ್ರಾಯ್ತು," ಎಂದು ಗೂಡಿಗೆ ಹೋದರು.

ಮುಂದಿನ ವರ್ಷ ಹೊಲಿದುಕೊಂಡರು. ಅದರ ಮುಂದಿನ ವರ್ಷವೂ ಹಗುರ. ನಲವತ್ತೆಂಟು ಎಂಬುದು ಎಂಥ ಒಳ್ಳೆಯ ಅಂಕಿ ಎಂಬುದು ಊರಿಗೆ ಆಗ ಗೊತ್ತಾಯಿತು. ಬದುಕಿದ್ದವರ ಮೇಲೆ ನಿಂತವರಿಗೆ ಮೇಲಿನದೂ ಓಡುತ್ತದೆ, ಕೆಳಗಿನದೂ ಓಡುತ್ತದೆ. ದೇವೀರಮ್ಮನ ಕೆಳಗೆ ಮಾತ್ರ ಕದಲದ ನಲವತ್ತೆಂಟು, ಬೇಕಾದ ಹಾಗೆ ಒಡೆಯುವ ನಲವತ್ತೆಂಟು. ಹಗುರದ ವರ್ಷಗಳು ಬಂದಂತೆಲ್ಲ ಅವರು ಗೂಡಿಗೆ ಹೊಸ ಬಾಯಿ ಕಟ್ಟಿಸಿದರು. ದೂರದ ಗುಡ್ಡದಿಂದ ಒಳ್ಳೆ ಕಲ್ಲು ತರಿಸಿದರು. ಬೆಣ್ಣೆಯಂಥ ಸುಣ್ಣ ಮಾಡಿದರು. "ಸತ್ತ ಅಕ್ಕನ ಹೆಗಲ ಮೇಲೆ ಕೂತು ಸುಖ ಪಡ್ತಾವ್ಳೆ," ಎಂದರು ಅಕ್ಕಯ್ಯಮ್ಮ. ಅದು ಕಿವಿಗೆ ಬಿದ್ದಾಗ ದೇವೀರಮ್ಮ, "ಹೌದು, ಬದುಕಿದ್ದಾಗಲೂ ಅವಳ ಹೆಗಲ ಮೇಲೇ ಕೂತಿದ್ದೆ," ಎಂದು ಬುಟ್ಟಿ ಎತ್ತಿಕೊಂಡರು.

ಅವರು ಅಕ್ಕನ ಆರರಲ್ಲಿ ಐದು ಭಾಗವಾದ ವರ್ಷ ನಾನೂ ನನ್ನ ಯಜಮಾನರ ಆರರಲ್ಲಿ ಐದು. ಅಂಥ ವರ್ಷದಲ್ಲೇ ನನಗೆ ಮಗಳು ಹುಟ್ಟಿದಳು. ಹೆರಿಗೆ ಕಷ್ಟವಾಗಿತ್ತು. ನೋವಿನ ಹೊತ್ತೆಲ್ಲ ಅತ್ತಿಗೆ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಆ ಬೆನ್ನು ಒಂದು ಸಲವೂ ಅಲುಗಲಿಲ್ಲ. ಹೆಸರಿಡುವ ದಿನ ಬೋರಲಿಂಗಯ್ಯ ಗೋಡೆಯ ಮೇಲೆ ಗೆರೆ ಎಳೆದು, ಕೂಸಿನ ಕೆಳಗಿನವರು ಯಾರು ಎಂದು ಕೇಳಿದಾಗ ಯಜಮಾನರು ನನ್ನ ಮುಖ ನೋಡಿದರು. ನಾನು ಹಿಂದುಮುಂದು ನೋಡದೆ, "ಅವಳ ಸೋದರತ್ತೆ," ಎಂದೆ. ಕೂಸಿಗೆ ದವನಿ ಎಂದು ಹೆಸರಿಟ್ಟೆವು. ಗೆರೆಯ ಕೆಳಗೆ ನಲವತ್ತು, ಮೇಲೆ ಏನೂ ಇಲ್ಲ. ದೇವೀರಮ್ಮ ಆ ಖಾಲಿ ಜಾಗವನ್ನೇ ಬಹಳ ಹೊತ್ತು ನೋಡುತ್ತಾ ನಿಂತಿದ್ದರು.

ವರ್ಷಗಳು ಹೋದವು. ದವನಿ ನಡೆದಳು, ಓಡಿದಳು, ಸುಣ್ಣದ ಗುಡ್ಡೆಯಲ್ಲಿ ಬಿದ್ದು ಹೊರಳಿದಳು. ದೇವೀರಮ್ಮ ನಲವತ್ತೇಳು ಮುಟ್ಟಿದರು. ಆ ವರ್ಷ ಬಹಳ ಒರಟಾಯಿತು. ಅರಳುತ್ತಿದ್ದ ಸುಣ್ಣ ಸಿಡಿದು ಮುಂಗೈ ಸುಟ್ಟಿತು. ಇದು ಶುರು ಅಷ್ಟೆ ಎಂದು ಊರು ಮಾತಾಡಿಕೊಂಡಿತು. ಆದರೆ ಅದರ ಮುಂದಿನ ಗೆರೆ ದಿನ ದೇವೀರಮ್ಮ ಹಾಸುಬಂಡೆಯ ಮೇಲೆ ನಿಂತು, "ಅಕ್ಕನ ಪೂರ್ತಿ," ಎಂದು ಹೇಳಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೂರ್ತಿ ಎಂಬುದನ್ನು ಈ ಊರಲ್ಲಿ ಯಾರೂ ಹೇಳಿದ್ದಿಲ್ಲ. ಬೆನ್ನು ಹತ್ತಿದವರು ಎಷ್ಟು ಹತ್ತಿರ ಹೋದರೂ ಮುಂದಿನವರು ಒಂದು ಹೆಜ್ಜೆ ಮುಂದೇ ಇರುತ್ತಾರಲ್ಲ. ಬೋರಲಿಂಗಯ್ಯ ಗೋಡೆಯ ಮುಂದೆ ಕುಂಚ ಹಿಡಿದು, ಗೆರೆ ಎಳೆಯಲು ಹೋಗಿ ತಡೆದು, ಬರೀ ಒಂದು ಎಂದು ಬರೆದರು. ಗೆರೆಯೇ ಇಲ್ಲದ ಗೋಡೆ ಅದು. ಜನ ದಾರಿ ಬಿಟ್ಟು ಬಂದು ನೋಡಿ ಹೋದರು.

ಆ ವರ್ಷ ಅವರು ಮುಟ್ಟಿದ್ದೆಲ್ಲ ಕೈಗೂಡಿತು. ಆದರೆ ಅವರ ಮುಖ ಬೇರೆಯಾಯಿತು. ಕೆಲಸದ ನಡುವೆ ನಿಂತು ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವರು. ಅತ್ತ ಊರಿನ ಮಾತೂ ಬೇರೆಯಾಗಿತ್ತು. ಮುಂದಿನ ವರ್ಷ ಮೇಲಿನ ಅಂಕಿ ಕೆಳಗಿನದಕ್ಕಿಂತ ದೊಡ್ಡದಾಗುತ್ತದೆ. ಬುಡ ಚಿಕ್ಕದಾಗಿ ತಲೆ ದಪ್ಪವಾದರೆ ಯಾವುದು ನಿಲ್ಲುತ್ತದೆ? "ಅವಳು ಉರುಳೋದು ಅವಳ ಇಷ್ಟ," ಎಂದು ಅಕ್ಕಯ್ಯಮ್ಮ ನನ್ನನ್ನು ಬಾವಿಕಟ್ಟೆಯಲ್ಲಿ ಹಿಡಿದು ಹೇಳಿದರು. ಅವರಿಗೆ ದವನಿಯ ಮೇಲೆ ನಿಜವಾದ ಅಕ್ಕರೆ ಇತ್ತು. "ಅವಳ ಮೇಲೆ ನಿನ್ನ ಕೂಸು ಇದೆಯಲ್ಲೇ ತಾಯಿ. ಕೆಳಗಿನವಳೇ ಉರುಳಿದ್ರೆ ಮೇಲಿನದು ಎಲ್ಲಿ ಹೋಗಿ ಬೀಳ್ತದೆ? ಗಂಡನ ಗೆರೆಗೆ ಬದಲಾಯಿಸು." ಯಜಮಾನರೂ ಊಟಕ್ಕೆ ಕೂತಾಗ ಅದನ್ನೇ ಎತ್ತಿದರು. "ನಮ್ಮಕ್ಕನ ಮೇಲೆ ನನಗೆ ನಂಬಿಕೆ ಇಲ್ಲ ಅಂತಲ್ಲ," ಎಂದು ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ.

ನಾನು ಗೂಡಿನ ಹತ್ತಿರ ಹೋದೆ. ದೇವೀರಮ್ಮ ಗೂಡಿನ ಬಾಯಿಗೆ ಕಲ್ಲು ಕೊಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ದವನಿ ವಿಚಾರ ತಾನೆ?" ಎಂದರು.

"ಎಲ್ಲರೂ ಹೇಳ್ತಾರೆ ಅತ್ತಿಗೆ. ಬದಲಾಯಿಸು ಅಂತಾರೆ."

"ಮಗಳು ನಿಂದು. ಬದಲಾಯಿಸ್ಬೇಕು ಅನ್ನಿಸಿದ್ರೆ ಬದಲಾಯಿಸು. ಬೇಜಾರಾಗಲ್ಲ ಅಂತ ಸುಳ್ಳು ಹೇಳಲ್ಲ, ಆಗ್ತದೆ. ನಿನ್ನ ಮೇಲೆ ಸಿಟ್ಟಂತೂ ಆಗಲ್ಲ."

"ನಿಮಗೆ ಹೆದರಿಕೆ ಇಲ್ವಾ?"

"ಯಾಕಿಲ್ಲ? ಹೊಳೆ ಆಚೆ ಸುಣ್ಣದ ಕಲ್ಲೇ ಇಲ್ವಂತೆ. ಅಲ್ಲಿ ಹೋಗಿ ಏನು ಮಾಡ್ಲಿ?" ಎಂದು ನಕ್ಕರು. ಆಮೇಲೆ ಕೈಯ ಪುಡಿ ಒರೆಸಿಕೊಂಡು ನನ್ನ ಪಕ್ಕ ಕೂತರು. "ಒಂದು ಮಾತು ಹೇಳ್ತೀನಿ ಕೇಳು. ನಾನು ಚಿಕ್ಕೋಳಿದ್ದಾಗಿಂದ ಅಕ್ಕ ನನಗೆ ದೊಡ್ಡೋಳು. ಸತ್ತಾಗ್ಲೂ, ವಯಸ್ಸಾಗಿತ್ತು, ಸತ್ಲು ಅಂದ್ಕೊಂಡಿದ್ದೆ. ಈ ವರ್ಷ ನಾನು ಅಷ್ಟೇ ಆದೆ ನೋಡು. ಬೆಳಿಗ್ಗೆ ಎದ್ದು ಎರಡು ಕೊಡ ನೀರು ತರ್ತೀನಿ, ಗುಡ್ಡ ಹತ್ತಿ ಇಳೀತೀನಿ, ಇನ್ನೂ ಏನೇನೋ ಮಾಡ್ಬೇಕು ಅನ್ಸ್ತದೆ. ಅಕ್ಕ ಇಷ್ಟು ಚಿಕ್ಕೋಳಿದ್ಲು ಕಣೆ ಸಾವಂತ್ರಿ! ಯಾರೂ ಹೇಳ್ಲೇ ಇಲ್ಲ ನಂಗೆ. ಅವತ್ತೇ ಇಳಿದು ಬೇರೆಯವರ ಮೇಲೆ ಹೋಗಿದ್ರೆ ಇದು ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಗೂಡಿನ ಬಿಸಿ ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ನಾನು ಮನೆಗೆ ಬಂದು ಯಜಮಾನರಿಗೆ, "ದವನಿ ಇದ್ದಲ್ಲೇ ಇರ್ಲಿ," ಎಂದಷ್ಟೇ ಹೇಳಿದೆ. ಅವರು ನಿಟ್ಟುಸಿರುಬಿಟ್ಟು, "ಹಾಗಂತೀಯ? ಇರ್ಲಿ," ಎಂದರು. ಅವರಿಗೂ ಅದೇ ಬೇಕಾಗಿತ್ತು ಎಂದು ಕಾಣುತ್ತದೆ.

ಗೆರೆ ದಿನ ಬಂತು. ಹಾಸುಬಂಡೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ದೋಣಿಯವನು ಕೂಡ ದೋಣಿಯನ್ನು ದಡಕ್ಕೆ ಎಳೆದು ಸಿದ್ಧ ಮಾಡಿ ನಿಲ್ಲಿಸಿದ್ದ. ದೇವೀರಮ್ಮ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಸುಟ್ಟ ಮುಂಗೈಯನ್ನು ಮುಚ್ಚಿಕೊಂಡಿರಲಿಲ್ಲ. ಅವರ ಸರದಿ ಬಂದಾಗ ಬೋರಲಿಂಗಯ್ಯ ಕುಂಚವನ್ನು ಕುಡಿಕೆಯ ಮೇಲೆ ಅಡ್ಡ ಇಟ್ಟು ಎದ್ದು ನಿಂತರು.

"ದೇವೀರಮ್ಮ, ನಿನಗೆ ನಲವತ್ತೊಂಬತ್ತು. ನಿನ್ನ ಕೆಳಗಿನವಳಿಗೆ ನಲವತ್ತೆಂಟು. ಮೇಲೆ ಹೆಚ್ಚು, ಕೆಳಗೆ ಕಡಿಮೆ. ಇದನ್ನ ನಾನು ಹೇಗೆ ಬರೀಲಿ? ಈಗ್ಲೂ ಹೊತ್ತು ಮೀರಿಲ್ಲ. ಬದುಕಿರೋರು ಯಾರದ್ದಾದ್ರೂ ಹೆಸರು ಹೇಳು, ಹಾಕ್ಕೊಡ್ತೀನಿ."

"ಬೋರಲಿಂಗಣ್ಣ, ಹೋದ ವಾರ ನನ್ನ ಹತ್ರ ಸುಣ್ಣ ತಗೊಂಡು ಹೋದ್ರಲ್ಲ, ಎಷ್ಟು?"

"ಅದು ಇಲ್ಲಿ ಯಾಕೆ?"

"ಹೇಳಿ ಅಣ್ಣ."

"ಒಂದೂಕಾಲು ಬುಟ್ಟಿ."

"ಒಂದು ಬುಟ್ಟಿ ತುಂಬಿದ ಮೇಲೆ ಏನು ಮಾಡಿದ್ರಿ? ಅದ್ರ ಮೇಲೇ ಸುರಿದ್ರಾ?"

"ಯಾಕೆ ಸುರೀಲಿ? ತುಂಬಿದ ಬುಟ್ಟಿ ಒಂದು ಕಡೆ ಇಟ್ಟೆ. ಉಳಿದ ಕಾಲು ಇನ್ನೊಂದಕ್ಕೆ ಹಾಕಿಸ್ಕೊಂಡೆ."

"ನಂದೂ ಅಷ್ಟೇ ಅಣ್ಣ. ಅಕ್ಕನದ್ದು ನನ್ನಲ್ಲಿ ತುಂಬ್ತು. ಅದು ಒಂದು. ಅದನ್ನ ಜೋಪಾನವಾಗಿ ಒಂದು ಕಡೆ ಇಡಿ. ಅದರ ಪಕ್ಕದಲ್ಲಿ ಹೊಸ ಗೆರೆ ಎಳೀರಿ. ಕೆಳಗೆ ಅದೇ ನಲವತ್ತೆಂಟು, ಮೇಲೆ ಒಂದು. ಅಕ್ಕನ ಒಂದು ಪೂರ್ತಿ, ಜೊತೆಗೆ ಅವಳ ನಲವತ್ತೆಂಟರಲ್ಲಿ ಒಂದು. ಅವಳು ಕಾಣದ ಒಂದು ವರ್ಷ. ಇದೇ ನನ್ನ ಭಾಗ. ನಾನು ಹೇಳಿದೆ."

ಅಕ್ಕಿ ಅಳೆಯುವಾಗ, ಬಟ್ಟೆ ಅಳೆಯುವಾಗ, ದಿನಕ್ಕೆ ನೂರು ಸಲ ಆಡುವ ಮಾತು ಅದು. ಮನುಷ್ಯರ ವಿಚಾರಕ್ಕೆ ಯಾರೂ ಅದನ್ನು ತಂದಿರಲಿಲ್ಲ. ಜನ ಪಿಸುಗುಟ್ಟತೊಡಗಿದರು. ಅಷ್ಟರಲ್ಲಿ ನನ್ನ ಕೈ ಬಿಡಿಸಿಕೊಂಡು ಅತ್ತೆಯ ಕಡೆ ಓಡಿದ ದವನಿ ಬಂಡೆಯ ಮೆಟ್ಟಿಲಲ್ಲಿ ಕಾಲು ಜಾರಿ ಮುಖ ಅಡಿಯಾಗಿ ಬಿದ್ದಳು. ಗಲ್ಲ ಒಡೆದು ರಕ್ತ ಬಂತು. "ಅಯ್ಯೋ, ನಾನು ಹೇಳ್ಲಿಲ್ವಾ! ಹೇಳಿದ ಗಳಿಗೇಲೇ ಬಿತ್ತಲ್ಲ ಕೂಸು!" ಎಂದು ಅಕ್ಕಯ್ಯಮ್ಮ ಎದೆ ಬಡಿದುಕೊಂಡರು. ಜನ ಹಿಂದಕ್ಕೆ ಸರಿದರು. ನಾನು ಮಗಳ ಹತ್ತಿರ ಹೋಗಲೂ ಆಗದೆ ನಿಂತುಬಿಟ್ಟೆ.

ದೇವೀರಮ್ಮ ಸರಸರನೆ ಮೆಟ್ಟಿಲಿಳಿದು ದವನಿಯನ್ನು ಎತ್ತಿಕೊಂಡರು. ಸೆರಗಿನಿಂದ ಗಲ್ಲ ಒತ್ತಿ ಹಿಡಿದು, ಅಳುವ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಮತ್ತೆ ಮೇಲೆ ಹತ್ತಿ ಬಂದರು. ಒಂಬತ್ತರ ಹುಡುಗಿ, ಹೊರಲು ಹಗುರವೇನಲ್ಲ. ಅವರ ಹೆಜ್ಜೆ ತಪ್ಪಲಿಲ್ಲ. "ಅಕ್ಕಯ್ಯಮ್ಮಾರೇ, ಇವಳಿಗೆ ಈಗ ಎಷ್ಟು?" ಎಂದು ಕೇಳಿದರು.

"ಒಂಬತ್ತು."

"ನನಗೆ?"

"ನಲವತ್ತೊಂಬತ್ತು."

"ಇಳಿಸಿ ನೋಡೋಣ."

ಅಕ್ಕಯ್ಯಮ್ಮನ ತುಟಿ ಅಲುಗಿತು. ಬೆರಳು ಮಡಿಸಿದರು, ಬಿಡಿಸಿದರು. ಒಂಬತ್ತನ್ನು ಮೂರು ಒಡೆಯುತ್ತದೆ, ನಲವತ್ತೊಂಬತ್ತನ್ನು ಒಡೆಯುವುದಿಲ್ಲ. ನಲವತ್ತೊಂಬತ್ತನ್ನು ಏಳು ಒಡೆಯುತ್ತದೆ, ಒಂಬತ್ತನ್ನು ಒಡೆಯುವುದಿಲ್ಲ. "ಇಳಿಯಲ್ಲ," ಎಂದರು ಮೆಲ್ಲಗೆ. "ಒರಟು ವರ್ಷ."

"ಅಷ್ಟೇ. ಅಕ್ಕ ಇವತ್ತು ಬದುಕಿದ್ದಿದ್ರೂ ಇವಳಿಗೆ ಇದು ಒರಟು ವರ್ಷವೇ. ಒರಟು ವರ್ಷದ ಮಕ್ಕಳು ಬೀಳ್ತಾರೆ, ನಾವು ಎತ್ಕೋತೀವಿ. ಮುಂದಿನ ವರ್ಷ ಹತ್ತು, ಐವತ್ತು. ಐದರಲ್ಲಿ ಒಂದು. ಜಿಂಕೆ ಹಾಗೆ ಓಡ್ತಾಳೆ, ಆವಾಗ ಹಿಡೀರಿ ನೋಡೋಣ." ಆಮೇಲೆ ಬೋರಲಿಂಗಯ್ಯನವರ ಕಡೆ ತಿರುಗಿದರು. "ಬರೀತೀರಾ ಅಣ್ಣ? ಇಲ್ಲ ಅಂದ್ರೆ ದೋಣಿ ಸಿದ್ಧ ಇದೆ."

ಅಕ್ಕಯ್ಯಮ್ಮ ಮುಂದೆ ಬಂದು, ತಮ್ಮ ಸೆರಗಿನ ಒಣ ತುದಿಯನ್ನು ದವನಿಯ ಗಲ್ಲಕ್ಕೆ ಒತ್ತಿದರು. ಬೋರಲಿಂಗಯ್ಯ ಕುಂಚ ಎತ್ತಿಕೊಂಡು, "ಬರೀತೀನಿ," ಎಂದರು. ದೋಣಿಯವನು ಯಾರೂ ಹೇಳದೆಯೇ ದೋಣಿಯನ್ನು ಹಿಂದಕ್ಕೆ ತಳ್ಳಿ ಗೂಟಕ್ಕೆ ಕಟ್ಟಿದ.

ಎಲ್ಲರದೂ ಮುಗಿದ ಮೇಲೆ ಕಡೆಗೆ ಗೆರೆಗಾರ ತನ್ನದು ಹೇಳುವುದು ರೂಢಿ. ಬೋರಲಿಂಗಯ್ಯನವರಿಗೆ ಆಗ ಅರವತ್ತು. ಅವರ ಕೆಳಗಿನವರು ಎಂಬತ್ತನಾಲ್ಕರ ಸೋದರಮಾವ ಕರಿಯಪ್ಪಜ್ಜ. ಏಳರಲ್ಲಿ ಐದು ಎಂದು ಹೇಳಿ ಮುಗಿಸುತ್ತಾರೆ ಎಂದುಕೊಂಡು ಜನ ಆಗಲೇ ಎದ್ದು ಬಟ್ಟೆ ಕೊಡವುತ್ತಿದ್ದರು. ಅವರು ಕುಂಚವನ್ನು ಕೆಳಗಿಟ್ಟರು.

"ಗೌರಾಜಮ್ಮನ..." ಎಂದರು.

ಗೌರಾಜಮ್ಮ ಎಂದರೆ ಅವರ ಹೆಂಡತಿ. ನಾನು ಈ ಊರಿಗೆ ಬರುವುದಕ್ಕೆ ಎಷ್ಟೋ ಮುಂಚೆ ತೀರಿಕೊಂಡವರು. ಗಂಡನಿಗಿಂತ ನಾಲ್ಕು ವರ್ಷ ದೊಡ್ಡವರಂತೆ. ಅವರ ಅಂಕಿ ನಲವತ್ತಕ್ಕೆ ನಿಂತಿತ್ತು. ಬೋರಲಿಂಗಯ್ಯ ಆ ವರ್ಷವೇ ಇಳಿದು ಮಾವನ ಗೆರೆ ಹತ್ತಿದ್ದರು. ಊರಿನ ಗೆರೆಗಾರನೇ ರೂಢಿ ಮುರಿಯುವ ಹಾಗಿರಲಿಲ್ಲವಲ್ಲ. ಅವರ ಬಾಯಿಂದ ಆ ಹೆಸರು ಕೇಳಿದ್ದು ನನಗೆ ನೆನಪೇ ಇಲ್ಲ.

"ಗೌರಾಜಮ್ಮನ ಒಂದೂವರೆ," ಎಂದರು ಬೋರಲಿಂಗಯ್ಯ. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಮನುಷ್ಯ ಅದನ್ನು ಹೇಳಿ ಬಂಡೆಯ ಮೇಲೆ ಕೂತುಬಿಟ್ಟರು.

ಕರಿಯಪ್ಪಜ್ಜನಿಗೆ ಕಿವಿ ಮಂದ. ಪಕ್ಕದವರು ಕೂಗಿ ಹೇಳಿದರು. ಅಜ್ಜ ಬೊಚ್ಚುಬಾಯಿ ತೆರೆದು, "ಹೋಗ್ಲಿ ಬಿಡ್ರಪ್ಪ! ಇಪ್ಪತ್ತನಾಲ್ಕು ವರ್ಷ ಹೊತ್ತಿದ್ದೀನಿ ಇವನ್ನ. ನನಗೂ ಬೆನ್ನು ನೋವು!" ಎಂದರು. ಜನ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಹಿಂದಿನ ಸಾಲಿನಲ್ಲಿ ಯಾರೋ ಎದ್ದು, ನನ್ನದನ್ನೂ ಅವ್ವನ ಮೇಲೆ ಬದಲಾಯಿಸಿಕೊಡಿ ಎಂದರು. ಇನ್ನೊಬ್ಬರು ಅಣ್ಣನ ಹೆಸರು ಹೇಳಿದರು. ಇರುವವರ ಮೇಲೇ ನೆಮ್ಮದಿಯಾಗಿದ್ದೇವೆ ಎಂದವರೂ ಬಹಳ ಮಂದಿ. ಅವರನ್ನು ಯಾರೂ ಏನೂ ಅನ್ನಲಿಲ್ಲ.

ಆ ದಿನ ಸುಣ್ಣ ಸಾಲಲಿಲ್ಲ. ಹಳೆಯ ಗೆರೆ ಕೆರೆದು ಹೊಸದು ಬರೆಸಲು ಬುಟ್ಟಿ ಹಿಡಿದವರು ದೇವೀರಮ್ಮನ ಅಂಗಳದ ತುಂಬ ನಿಂತರು. ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇದ್ದ ಸುಟ್ಟ ಕಲ್ಲನ್ನೆಲ್ಲ ಹೊಂಡಕ್ಕೆ ಸುರಿಸಿ, ನನ್ನ ಯಜಮಾನರಿಂದ ನೀರು ಹೊರಿಸಿದರು. ಹೊಂಡ ಭುಸುಗುಟ್ಟಿ ಆವಿ ಮೇಲೆದ್ದಿತು. ಅಕ್ಕಯ್ಯಮ್ಮ ಹೊರಗಿನಿಂದಲೇ, "ದೇವೀರಿ, ಕೈ ಜೋಪಾನ ಕಣೇ!" ಎಂದು ಕೂಗಿದರು. ದವನಿ ಗಲ್ಲಕ್ಕೆ ಪಟ್ಟಿ ಕಟ್ಟಿಸಿಕೊಂಡು ಜಗಲಿಯ ಮೇಲೆ ಕೂತು, ಬಂದವರಿಗೆಲ್ಲ ತನ್ನ ಗಾಯ ತೋರಿಸುತ್ತಿದ್ದಳು.

ಬೋರಲಿಂಗಯ್ಯ ಮೊದಲು ದೇವೀರಮ್ಮನ ಗೋಡೆಗೆ ಬರೆದರು. ಆಮೇಲೆ ಕೇಳಿದವರ ಮನೆಗಳಿಗೆಲ್ಲ ಬರೆದರು. ತಮ್ಮ ಮನೆಯ ಮುಂದೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ನಾನು ಮತ್ತು ದೇವೀರಮ್ಮ ಉಳಿದ ಸುಣ್ಣದ ಕುಡಿಕೆ ಹಿಡಿದುಕೊಂಡು ಜೊತೆಗೆ ಹೋಗಿದ್ದೆವು. ಅವರು ಮಾವನ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕುಂಚ ಅದ್ದಿ, ಗೌರಾಜಮ್ಮನದನ್ನು ನಿಧಾನವಾಗಿ ಬರೆದರು. ಸುಣ್ಣ ಹಸಿಯಾಗಿದ್ದಾಗ ನೀರಿನ ಹಾಗೆ, ಏನೂ ಕಾಣಿಸುವುದಿಲ್ಲ. ಬರೀ ಒದ್ದೆ ಗೋಡೆ. ಬೇರೆಯವರ ಮನೆಯಲ್ಲಾದರೆ ಬರೆದು ಮುಂದಕ್ಕೆ ಹೋಗಿಬಿಡುವ ಮನುಷ್ಯ ಈಗ ಹೋಗಲಿಲ್ಲ. ಕುಂಚ ಕೈಯಲ್ಲೇ ಹಿಡಿದು ಬೀದಿಯ ಮಣ್ಣಿನ ಮೇಲೆ ಕೂತರು. ದೇವೀರಮ್ಮ ಅವರ ಪಕ್ಕದಲ್ಲಿ ಕೂತರು. ನಾನೂ ಕೂತೆ. ಬಿಸಿಲು ಗೋಡೆಯನ್ನು ಮೆಲ್ಲಗೆ ಒಣಗಿಸುತ್ತಾ ಬಂತು. ಮೊದಲು ಮಸುಕಾಗಿ, ಆಮೇಲೆ ಒಂದಿಷ್ಟು ಬಿಳುಪಾಗಿ, ಒಂದು ಎಂಬ ಅಂಕಿ ಮೂಡಿತು. ಅದರ ಪಕ್ಕದಲ್ಲಿ ಒಂದು ಸಣ್ಣ ಗೆರೆ. ಗೆರೆಯ ಕೆಳಗೆ ಎರಡು. ಕಡೆಗೆ, ಗೆರೆಯ ಮೇಲೆ, ಇನ್ನೊಂದು ಒಂದು.

"ಬಂದ್ಲು," ಎಂದರು ಬೋರಲಿಂಗಯ್ಯ.